ಬಿಡಲಾಗದ ಮುಷ್ಟಿ

ಶವದ ಜೊತೆ ಬರುವ ಪೊಲೀಸರ ಕಾಗದದಲ್ಲಿ ಸಾವಿನ ಕಾರಣವೂ ಬರೆದೇ ಬಂದಿದ್ದರೆ ನನಗೆ ಮೈಯೆಲ್ಲ ಉರಿಯುತ್ತದೆ. ಕಾರಣ ಹೇಳುವುದು ನನ್ನ ಕೆಲಸ. ಅದನ್ನೂ ಅವರೇ ಮಾಡಿ ಮುಗಿಸಿದರೆ ನಾನು ಗ್ಲೌಸ್ ಹಾಕಿಕೊಂಡು ಅಲ್ಲಿ ನಿಲ್ಲುವುದಾದರೂ ಏಕೆ? ಆವತ್ತಿನ ಕಾಗದದಲ್ಲಿ ಹೀಗಿತ್ತು: ಕುಡಿದ ಅಮಲಿನಲ್ಲಿದ್ದ ವ್ಯಕ್ತಿಯು ಕಬ್ಬಿಣದ ಆಯುಧ ಹಿಡಿದು ಸಾರ್ವಜನಿಕರ ಮೇಲೂ ಪೊಲೀಸರ ಮೇಲೂ ಹಲ್ಲೆಗೆ ಮುಂದಾಗಿ, ಹಿಡಿಯುವ ಸಮಯದಲ್ಲಿ ಹೃದಯಾಘಾತದಿಂದ ಕುಸಿದು ಮೃತಪಟ್ಟಿರುತ್ತಾನೆ. ಶಾಕ್ ಗನ್ ಎಂಬ ಮಾತು ಇಡೀ ಕಾಗದದಲ್ಲಿ ಒಂದೇ ಕಡೆ ಇತ್ತು. ಅದೂ 'ಅಗತ್ಯವಿದ್ದಷ್ಟೇ ಬಲ ಬಳಸಿ' ಎಂಬುದರ ಪಕ್ಕದಲ್ಲಿ, ಕೇಳಿಸಿತೋ ಇಲ್ಲವೋ ಎನ್ನುವ ಹಾಗೆ ಬಂದು ಹೋಗಿತ್ತು.

ನಾನು ಮರಣೋತ್ತರ ಪರೀಕ್ಷೆ ಮಾಡುವ ಸರ್ಕಾರಿ ವೈದ್ಯೆ. ಬೆಳೆದದ್ದು ಕೆಜಿಎಫ್‌ನಲ್ಲಿ, ಗದಗದ ಕಡೆಯಿಂದ ಕಾರ್ಖಾನೆಯ ಕೆಲಸಕ್ಕೆ ಬಂದ ಅಪ್ಪನ ಜೊತೆ ಬಂದು ಇಲ್ಲಿನವಳೇ ಆದೆ. ಬಂಗಾರಪೇಟೆ, ಕೆಜಿಎಫ್ ಸುತ್ತಲಿನ ಬೈಕ್ ಅಪಘಾತ, ಹಾವಿನ ಕಡಿತ, ಬಾವಿ, ಹಗ್ಗ, ಎಲ್ಲ ಬಗೆಯ ಸಾವುಗಳೂ ನನ್ನ ಮೇಜಿನ ಮೇಲೆ ಬಂದು ಮಲಗಿವೆ. ಶಾಕ್ ಗನ್ನಿನ ಸಾವು ಮಾತ್ರ ಅದೇ ಮೊದಲು. ಪರೀಕ್ಷಿಸಿ ನೋಡಲೆಂದು ಆ ಗನ್ನನ್ನು ನಮ್ಮ ಕಡೆಯ ಒಂದು ಗಸ್ತು ತಂಡಕ್ಕೆ ಕೊಟ್ಟು ಹೆಚ್ಚು ಕಾಲವಾಗಿರಲಿಲ್ಲ.

ನೋಡಲು ಅದು ಮಕ್ಕಳ ಆಟದ ಪಿಸ್ತೂಲಿನ ಹಾಗಿರುತ್ತದೆ. ಟ್ರಿಗರ್ ಒತ್ತಿದರೆ ಗುಂಡಿನ ಬದಲು ಎರಡು ಸಣ್ಣ ಮುಳ್ಳುಗಳು ಹಾರಿ ಮೈಗೆ ಚುಚ್ಚಿಕೊಳ್ಳುತ್ತವೆ. ಅವುಗಳ ಹಿಂದೆ ಕೂದಲೆಳೆಯಂಥ ತಂತಿ, ತಂತಿಯಲ್ಲಿ ಸೆಕೆಂಡಿಗೆ ಹತ್ತಾರು ಸಲ ಮಿಡಿಯುವ ವಿದ್ಯುತ್ತು. ಎರಡು ಮುಳ್ಳುಗಳ ನಡುವಿನ ಸ್ನಾಯುಗಳೆಲ್ಲ ಒಟ್ಟಿಗೆ ಬಿಗಿದುಕೊಂಡು ಮನುಷ್ಯ ಮರದ ಕೊರಡಿನಂತೆ ಬೀಳುತ್ತಾನೆ. ಕೆಲವು ಸೆಕೆಂಡಿಗೆ ವಿದ್ಯುತ್ತು ತಾನಾಗಿ ನಿಲ್ಲುತ್ತದೆ. ಮತ್ತೆ ಒತ್ತಿದರೆ ಮತ್ತೆ ಹರಿಯುತ್ತದೆ. ಗುಂಡು ಹಾರಿಸುವುದಕ್ಕಿಂತ ಇದು ಮೇಲಲ್ಲವೇ ಎಂದು ಕೇಳುವವರಿದ್ದಾರೆ. ಗುಂಡಿಗಿಂತ ಮೇಲು, ಅದರಲ್ಲಿ ಅನುಮಾನವಿಲ್ಲ.

ಸತ್ತವನು ಕ್ಯಾಸಂಬಳ್ಳಿಯ ಆಚೆಗಿನ ಒಂದು ಹಳ್ಳಿಯವನು. ಬಂಗಾರಪೇಟೆಯಲ್ಲಿ ತರಕಾರಿ ಮೂಟೆ ಹೊರುವ ಹಮಾಲಿ ಕೆಲಸ. ನಲವತ್ತು ದಾಟಿರದ ಗಟ್ಟಿ ಆಳು. ಪೊಲೀಸರ ಕೈಯಲ್ಲಿದ್ದಾಗ ಆದ ಸಾವಾದ್ದರಿಂದ ಕಾನೂನಿನ ಪ್ರಕಾರ ಮ್ಯಾಜಿಸ್ಟ್ರೇಟರು ಬಂದು ಶವ ನೋಡಿ ಹೋದರು. ಪರೀಕ್ಷೆಗೆ ಇಬ್ಬರು ವೈದ್ಯರು ಇರಬೇಕೆಂದೂ ಮೊದಲಿನಿಂದ ಕೊನೆಯವರೆಗೆ ವಿಡಿಯೊ ಆಗಬೇಕೆಂದೂ ಹೇಳಿದರು. ಇನ್ನೊಬ್ಬ ವೈದ್ಯರು ನನಗಿಂತ ಬಹಳ ಹಿರಿಯರು, ನನಗೆ ಚಾಕು ಹಿಡಿಯಲು ಕಲಿಸಿದವರೇ.

ಮೊದಲು ಬಟ್ಟೆ ನೋಡಿದೆವು. ಪ್ಯಾಂಟು ಒದ್ದೆಯಾಗಿ ಒಣಗಿತ್ತು, ಮೂತ್ರದ ವಾಸನೆ. ಮೊಣಕಾಲು, ಗಲ್ಲ, ಹಣೆಯ ಮೇಲೆ ತರಚು ಗಾಯ, ಅದರಲ್ಲಿ ರಸ್ತೆಯ ಮಣ್ಣು. ಅಂದರೆ ಮುಖ ಕೆಳಗಾಗಿ ಒತ್ತಿ ಹಿಡಿದಿದ್ದರು. ಮುಳ್ಳು ಚುಚ್ಚಿದ ಜಾಗ ಎರಡು. ಒಂದು ಎದೆಯ ಎಡಭಾಗದಲ್ಲಿ, ಇನ್ನೊಂದು ಬಲಗೈಯ ಮುಂಗೈ ಒಳಬದಿಯಲ್ಲಿ. ಸಾಸಿವೆ ಕಾಳಿನಷ್ಟು ರಂಧ್ರ, ಸುತ್ತ ತೆಳ್ಳಗೆ ಕೆಂಪು. ಕೈಯನ್ನು ಎದೆಯ ಮುಂದೆ ಹಿಡಿದಿದ್ದಾಗ ಬಂದು ತಗುಲಿರಬೇಕು.

ಬಾಯಿ ತೆರೆದು ನೋಡಿದಾಗ ಹಿರಿಯರೂ ನಾನೂ ಮುಖ ಮುಖ ನೋಡಿಕೊಂಡೆವು. ನಾಲಿಗೆಯ ಬದಿಯನ್ನು ಹಲ್ಲು ಕಚ್ಚಿ ಗಾಯವಾಗಿತ್ತು. ಒಸಡು ಊದಿಕೊಂಡು ಹಲ್ಲಿನ ಮೇಲೆ ಹತ್ತಿತ್ತು. ಮೂರ್ಛೆ ರೋಗಕ್ಕೆ ಕೊಡುವ ಒಂದು ಮಾತ್ರೆಯನ್ನು ವರ್ಷಗಟ್ಟಲೆ ನುಂಗಿದವರ ಒಸಡು ಹೀಗಾಗುತ್ತದೆ. ಹೊಟ್ಟೆ ತೆರೆದಾಗ ಹೆಂಡದ ವಾಸನೆ ಬರಲಿಲ್ಲ. ಮುದ್ದೆ, ಸೊಪ್ಪಿನ ಸಾರು ಬಂತು.

"ಫಿಟ್ಸ್ ಇದ್ದ ಮನುಷ್ಯ ಕಣಮ್ಮ," ಎಂದರು ಹಿರಿಯರು.

ನಾನು ಹೊರಗೆ ಬಂದು ಅವನ ಹೆಂಡತಿಯನ್ನು ಕರೆಸಿದೆ. ಸಂಬಂಧಿಕರ ಬಾಯಿಂದ ರೋಗದ ವಿವರ ಕೇಳುವುದು ನಮ್ಮ ಪರೀಕ್ಷೆಯ ಭಾಗವೇ. ಸೆರಗನ್ನು ಬಾಯಿಗೆ ಒತ್ತಿಕೊಂಡು ಬಂದು ನಿಂತಳು. ಮೂರ್ಛೆ ಬರುತ್ತಿತ್ತೇ, ಮಾತ್ರೆ ನುಂಗುತ್ತಿದ್ದನೇ ಎಂದು ಕೇಳಿದೆ.

"ಏನೂ ಇರ್ಲಿಲ್ಲ ಡಾಕ್ಟ್ರಮ್ಮ. ಮೂಟೆ ಒರೋ ಆಳು. ಒಂದಿನ ತಲೆನೋವು ಅಂದವ್ರಲ್ಲ."

"ಮಾತ್ರೆ?"

"ಇಲ್ಲಮ್ಮ."

ಒಸಡು ಒಂದು ಹೇಳುತ್ತಿದೆ, ಹೆಂಡತಿ ಇನ್ನೊಂದು ಹೇಳುತ್ತಿದ್ದಾಳೆ. ಒಸಡು ಸುಳ್ಳು ಹೇಳುವುದಿಲ್ಲ. ನನಗೆ ಮೂಗಿನ ತುದಿಯಲ್ಲೇ ಕೋಪ, ಜೋರಾಗಿ ಎರಡು ಮಾತು ಆಡಿಬಿಡುತ್ತಿದ್ದೆನೇನೋ. ಆದರೆ ಆಗಷ್ಟೇ ಗಂಡನನ್ನು ಕಳೆದುಕೊಂಡವಳು ಎಂದು ತಡೆದುಕೊಂಡು ಒಳಗೆ ಬಂದೆ.

ಎದೆ ತೆರೆದೆವು. ಹೃದಯದ ರಕ್ತನಾಳಗಳು ಹೊಸ ಪೈಪಿನಂತೆ ಸ್ವಚ್ಛವಾಗಿದ್ದವು. ಹೃದಯಾಘಾತ ಎಂದು ಕಾಗದದಲ್ಲಿ ಬರೆದವರನ್ನು ಕರೆದು ತೋರಿಸಬೇಕೆನಿಸಿತು. ಆದರೆ ವಿದ್ಯುತ್ತಿನ ಕತೆಯಲ್ಲಿ ಒಂದು ಕಷ್ಟವಿದೆ. ಅದು ಹೃದಯದ ಲಯ ತಪ್ಪಿಸಿ ಕೊಂದರೆ ಹೃದಯದಲ್ಲಿ ಗುರುತು ಉಳಿಯುವುದಿಲ್ಲ. ಮೂರ್ಛೆಯಲ್ಲಿ ದಿಢೀರನೆ ಸತ್ತರೂ ಅಷ್ಟೇ. ಉಸಿರಾಡಲು ಆಗದ ಹಾಗೆ ಬೆನ್ನ ಮೇಲೆ ಕೂತು ಒತ್ತಿದರೂ ಎಷ್ಟೋ ಸಲ ಅಷ್ಟೇ. ಮೂರು ದಾರಿ, ಮೂರರ ಕೊನೆಯಲ್ಲೂ ಒಂದೇ ಥರದ ಖಾಲಿ ಹೃದಯ.

"ಮೂರ್ಛೆ ರೋಗಿಯ ಆಕಸ್ಮಿಕ ಸಾವು ಅಂತ ಬರಿ," ಎಂದರು ಹಿರಿಯರು. "ಸುಳ್ಳಾಗಲ್ಲ. ಅಂಥ ಸಾವು ಇರೋದು ನಿನಗೂ ಗೊತ್ತು."

"ಗನ್ನು ಸರ್?"

"ಚುಚ್ಚಿದ ಗಾಯ ಎರಡು, ಚಿಕ್ಕವು, ಪ್ರಾಣಾಪಾಯಕರ ಅಲ್ಲ. ಗಾಯದ ಕಾಲಂನಲ್ಲಿ ಬರೆದೇ ಬರೀತೀವಲ್ಲ."

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅವರು ಕೆಟ್ಟವರಲ್ಲ. ನಿವೃತ್ತಿಗೆ ಹತ್ತಿರವಿದ್ದರು, ಯಾವ ಗೊಂದಲವೂ ಬೇಡವಾಗಿತ್ತು. ಮೇಲಾಗಿ, ಅವರು ಹೇಳಿದ್ದು ನಿಜವೂ ಆಗಿರಬಹುದಿತ್ತು. ನನಗೆ ಹೆಚ್ಚು ಸಿಟ್ಟು ಬಂದದ್ದು ಅದಕ್ಕೇ.

ಕೊನೆಗೆ ಕೈ ನೋಡಿದೆ. ಬಲಗೈ ಬೆರಳುಗಳು ಮಡಚಿಕೊಂಡು ಸೆಟೆದಿದ್ದವು. ಮೆಲ್ಲಗೆ ಬಿಡಿಸಿದೆ. ಅಂಗೈ ತುಂಬ ಕಪ್ಪು ನೀಲಿ ಗುರುತು. ಅದು ನೇರವಾಗಿರಲಿಲ್ಲ. ಕುಡುಗೋಲಿನ ಹಾಗೆ ಬಾಗಿತ್ತು. ಹೆಬ್ಬೆರಳಿನ ಬುಡದ ಮಾಂಸದಲ್ಲಿ ಚೂಪಾದ್ದೇನೋ ಆಳಕ್ಕೆ ಇಳಿದ ಗಾಯವಿತ್ತು, ಅವನದೇ ರಕ್ತ ಬೆರಳ ಸಂದಿಯಲ್ಲಿ ಹೆಪ್ಪುಗಟ್ಟಿತ್ತು. ಕೈಯಲ್ಲಿದ್ದ 'ಆಯುಧ' ಏನು?

ಇನ್‌ಸ್ಪೆಕ್ಟರು ಹೊರಗೆ ಕಾಯುತ್ತಿದ್ದರು. ಮೊಬೈಲಿನಲ್ಲಿ ಚಿತ್ರ ತೋರಿಸಿದರು. ಮೂಟೆ ಎಳೆಯುವ ಕೊಕ್ಕೆ. ಒಂದು ಕಡೆ ಮರದ ಹಿಡಿ, ಇನ್ನೊಂದು ಕಡೆ ಬಾಗಿ ಚೂಪಾದ ಕಬ್ಬಿಣ. ಹಮಾಲಿಗಳ ಸೊಂಟದಲ್ಲಿ ಸದಾ ಇರುತ್ತದೆ.

"ಇದರಲ್ಲಿ ಹೊಟ್ಟೆಗೆ ಹಾಕಿದ್ರೆ ಕರುಳೇ ಈಚೆ ಬರುತ್ತೆ ಮೇಡಂ. ನಮ್ಮ ಹುಡುಗನ ಜಾಗದಲ್ಲಿ ನಾನಿದ್ರೂ ಗನ್ನು ಎತ್ತುತಿದ್ದೆ. 'ಕೆಳಗೆ ಹಾಕು, ಕೆಳಗೆ ಹಾಕು' ಅಂತ ಎಷ್ಟು ಕೂಗಿದ್ರೂ ಹಾಕಲಿಲ್ಲವಂತೆ. ಶಾಕ್ ಕೊಟ್ಟ ಮೇಲೂ ಬಿಡಲಿಲ್ಲ. ಅದಕ್ಕೇ ಮತ್ತೆ ಕೊಟ್ಟಿದ್ದು. ಕೊನೆಗೆ ಇಬ್ಬರು ಸೇರಿ ಬೆರಳು ಬಿಡಿಸಿ ಕಿತ್ತುಕೊಂಡ್ರು. ಅಷ್ಟು ರೋಷ!"

ಅವರು ಹೇಳಿದ ಈ ಮಾತೇ ನನ್ನ ತಲೆಯಲ್ಲಿ ಕೂತಿತು. ಶಾಕ್ ಕೊಟ್ಟ ಮೇಲೂ ಬಿಡಲಿಲ್ಲ. ಒಂದು ಮುಳ್ಳು ಮುಂಗೈಯ ಒಳಬದಿಯಲ್ಲಿತ್ತಲ್ಲ? ಬೆರಳು ಮಡಿಸುವ ಸ್ನಾಯುಗಳಿರುವುದೇ ಅಲ್ಲಿ. ವಿದ್ಯುತ್ತು ಆ ಸ್ನಾಯುಗಳನ್ನು ಎಳೆದು ಹಿಡಿದರೆ ಮುಷ್ಟಿ ಇನ್ನಷ್ಟು ಬಿಗಿಯುತ್ತದೆಯೇ ಹೊರತು ಬಿಚ್ಚಿಕೊಳ್ಳುವುದಿಲ್ಲ. ಬಿಡು ಎಂದು ಬಾಯಲ್ಲಿ ಕೂಗುತ್ತ, ಬಿಡಲಾಗದ ಹಾಗೆ ತಂತಿಯಲ್ಲಿ ಹಿಡಿದುಕೊಂಡಿದ್ದಾರೆ. ಬಿಡಲಿಲ್ಲ ಎಂಬ ಕಾರಣಕ್ಕೇ ಮತ್ತೆ ಟ್ರಿಗರ್ ಒತ್ತಿದ್ದಾರೆ. ಇದು ಹೊಳೆದಾಗ ನನಗೆ ನಿಜವಾಗಿ ಹೆದರಿಕೆಯಾಯಿತು.

ಅದಕ್ಕಿಂತ ಹೆಚ್ಚು ಕಾಡಿದ್ದು ಅಂಗೈಯ ಬಾಗಿದ ಗುರುತು. ಹೊಡೆಯಲು ಕೊಕ್ಕೆ ಹಿಡಿದವನ ಅಂಗೈಯಲ್ಲಿ ಮರದ ಹಿಡಿಯ ಗುರುತಿರಬೇಕು. ಬಾಗಿದ ಕಬ್ಬಿಣದ ಗುರುತು ಬಂದಿದ್ದರೆ ಅವನು ಅದನ್ನು ತಲೆಕೆಳಗಾಗಿ ಹಿಡಿದಿದ್ದ ಎಂದಾಯಿತು. ವರ್ಷಗಟ್ಟಲೆ ಅದನ್ನೇ ಹಿಡಿದು ಅನ್ನ ಸಂಪಾದಿಸಿದವನು ಚೂಪು ತನ್ನ ಕೈಗೇ ಇಳಿಯುವ ಹಾಗೆ ಹಿಡಿಯುತ್ತಾನೆಯೇ? ಚಿತ್ರ ನೋಡಿ ಇದನ್ನು ಹೇಳಲಾಗದು. ಕೊಕ್ಕೆಯನ್ನೇ ಅಂಗೈಗೆ ಇಟ್ಟು ಅಳೆಯಬೇಕು.

"ಕೊಕ್ಕೆ ಬೇಕು," ಎಂದೆ.

"ಸೀಲ್ ಆಗಿದೆ ಮೇಡಂ. ಪ್ರೊಸೀಜರ್ ಇದೆ. ವಾರ ಆಗುತ್ತೆ. ನೀವು ಬಾಡಿ ಕೊಟ್ಟುಬಿಡಿ, ಆಮೇಲೆ ನೋಡೋಣ."

ಆಮೇಲೆ ಯಾವ ಅಂಗೈಗೆ ಇಟ್ಟು ಅಳೆಯುವುದು? ಮಣ್ಣಿನೊಳಗಿರುವ ಕೈಗೋ? ನಾನು ಮ್ಯಾಜಿಸ್ಟ್ರೇಟರಿಗೆ ಫೋನ್ ಮಾಡಿ, ಬರೆದೂ ಕಳಿಸಿದೆ: ಕೊಕ್ಕೆ ಬರುವವರೆಗೆ ಶವ ಬಿಟ್ಟುಕೊಡುವುದಿಲ್ಲ. ಬೆಳಿಗ್ಗೆ ಕೊಕ್ಕೆ ಬರುತ್ತದೆ ಎಂದರು ಅವರು.

ಹಿರಿಯರು ತಲೆ ಚಚ್ಚಿಕೊಂಡರು. "ಹೊರಗೆ ಜನ ನೋಡಿದ್ದೀಯಾ?"

ಗೇಟಿನ ಹತ್ತಿರ ಜನ ಸೇರಿದ್ದರು. ಅವನ ಊರಿನವರು, ಮಾರ್ಕೆಟ್ಟಿನ ಹಮಾಲಿಗಳು, ಕೆಜಿಎಫ್‌ನ ಊರಿಗಾಂ ಕಡೆಯಿಂದ ಬಂದ ಕೆಲವರು. ಶವ ಇವತ್ತು ಸಿಗುವುದಿಲ್ಲ ಎಂದು ನಾನೇ ಹೋಗಿ ಹೇಳಿದೆ. ಬೇರೆ ಯಾರಾದರೂ ಹೇಳಲಿ ಎಂದು ಕಳಿಸಿದ್ದರೆ ನನಗೇ ನಾಚಿಕೆಯಾಗುತ್ತಿತ್ತು. ಕನ್ನಡ, ತೆಲುಗು, ತಮಿಳು, ಮೂರು ಭಾಷೆಯಲ್ಲೂ ಬೈಗುಳ ಬಂತು. ಮೂರೂ ನನಗೆ ಅರ್ಥವಾಗುತ್ತವೆ, ಅದೇ ದುರದೃಷ್ಟ.

"ಪೊಲೀಸ್ನೋರ್ತಾವ ತಿಂದವ್ಳೆ ಕಣ್ಲಾ ಇವ್ಳು!" ಎಂದು ಒಬ್ಬ ಕೂಗಿದ. ಸತ್ತವನ ಅಣ್ಣ, ವಯಸ್ಸಾದವರು, ಮುಂದೆ ಬಂದು ಕೈಮುಗಿದರು. "ಕುಯ್ದಿದ್ದು ಸಾಲ್ದೇನಮ್ಮ? ಬಿಸ್ಲಿಗೆ ಕೆಡ್ತದೆ. ಮಣ್ಣಿಗೆ ಆಕ್ಕೊಂತೀವಿ ಕೊಡಮ್ಮ."

"ಒಂದೇ ಒಂದು ರಾತ್ರಿ ತಡೀರಿ ಅಣ್ಣಾ," ಎಂದೆ. "ಇವತ್ತು ಕೊಟ್ಟರೆ ನಿಮ್ಮ ತಮ್ಮ ಪೊಲೀಸರಿಗೆ ಹೊಡೆಯೋಕೆ ಹೋದವನಾಗೇ ಮಣ್ಣಿಗೆ ಹೋಗ್ತಾನೆ. ನನಗೆ ಅದು ನಿಜ ಅನ್ನಿಸ್ತಾ ಇಲ್ಲ."

ಅವರು ನನ್ನ ಮುಖವನ್ನೇ ನೋಡಿ, ಬೇರೆಯವರನ್ನು ಹಿಂದಕ್ಕೆ ಕರೆದುಕೊಂಡು ಹೋದರು. ನಂಬಿದರೋ, ಸಾಕಾಗಿ ಹೋಯಿತೋ, ತಿಳಿಯಲಿಲ್ಲ. ಅವನ ಹೆಂಡತಿ ಮಾತ್ರ ಗುಂಪಿನಿಂದ ದೂರ ಗೋಡೆಗೆ ಒರಗಿ ಕೂತಿದ್ದಳು.

ಬೆಳಿಗ್ಗೆ ಕೊಕ್ಕೆ ಬಂತು. ಕ್ಯಾಮೆರಾ ಹಾಕಿ, ಸೀಲು ಒಡೆದು, ಅದನ್ನು ಅಂಗೈಯ ಪಕ್ಕ ಇಟ್ಟೆವು. ಮರದ ಹಿಡಿ ಯಾವ ಗುರುತಿಗೂ ಕೂರಲಿಲ್ಲ. ತಿರುಗಿಸಿ ಬಾಗಿದ ತುದಿಯನ್ನು ಇಟ್ಟಾಗ, ಬಾಗಿಗೆ ಬಾಗು ಕೂತಿತು. ಚೂಪು ಹೆಬ್ಬೆರಳ ಬುಡದ ಗಾಯಕ್ಕೆ ಬಂತು. ಅಂಗೈಯ ಚರ್ಮ ಬಿಡಿಸಿ ನೋಡಿದರೆ ಕೆಳಗಿನ ಮಾಂಸದಲ್ಲೂ ರಕ್ತ ಅದೇ ಬಾಗಿನಲ್ಲಿ ಹರಡಿತ್ತು. ಬದುಕಿದ್ದಾಗಲೇ, ಬಹಳ ಬಿಗಿಯಾಗಿ ಹಿಡಿದಿದ್ದ. ಹಿರಿಯರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು.

"ಇದು ಅವನಾಗಿ ಹಿಡಿದಿದ್ದಲ್ಲ. ಯಾರೋ ಕೈಗೆ ತುರುಕಿದ್ದಾರೆ," ಎಂದರು.

ಅವರು ಹಾಗೆಂದ ಕೂಡಲೇ ನಮ್ಮಿಬ್ಬರಿಗೂ ಒಟ್ಟಿಗೆ ಗೊತ್ತಾಯಿತು. ಮೂರ್ಛೆ ಬಿದ್ದವರ ಕೈಗೆ ಕಬ್ಬಿಣ ಕೊಡುವುದನ್ನು ಈ ನಾಡಿನಲ್ಲಿ ನೋಡದವರು ಯಾರಿದ್ದಾರೆ? ಬಸ್‌ಸ್ಟ್ಯಾಂಡಿನಲ್ಲಿ, ಮದುವೆ ಮನೆಯಲ್ಲಿ, ಶಾಲೆಯ ಮೈದಾನದಲ್ಲಿ, ಯಾರಾದರೂ ಬಿದ್ದು ಒದ್ದಾಡಿದರೆ ಮೊದಲು ಕೇಳುವ ಮಾತೇ 'ಕಬ್ಬಿಣ ಕೊಡಿ'. ಬೀಗದಕೈ ಗೊಂಚಲು, ಸೌಟು, ಚಿಲಕ, ಕೈಗೆ ಏನು ಸಿಕ್ಕರೆ ಅದು. ಅದರಿಂದ ಏನೂ ಆಗುವುದಿಲ್ಲ, ಮೂರ್ಛೆ ತಾನಾಗಿಯೇ ನಿಲ್ಲುತ್ತದೆ ಎಂದು ನಾನು ಎಷ್ಟೋ ಜನರಿಗೆ ಬೈದಿದ್ದೇನೆ.

ಅವನ ಹೆಂಡತಿಯನ್ನು ಒಳಗೆ ಕರೆದು ಬೆಂಚಿನ ಮೇಲೆ ಕೂರಿಸಿ ಪಕ್ಕದಲ್ಲಿ ಕೂತೆ. ಈ ಸಲ ರೋಗದ ಮಾತೇ ಎತ್ತಲಿಲ್ಲ.

"ಕೊಕ್ಕೆ ಯಾರಮ್ಮ ಕೊಟ್ಟಿದ್ದು ಅವರ ಕೈಗೆ?"

ಸೆರಗು ಕೈಯಿಂದ ಜಾರಿತು. ಅವಳು ಅತ್ತ ಅಳು ನನಗೆ ಮರೆಯುವುದಿಲ್ಲ.

"ನಾನೇ ಡಾಕ್ಟ್ರಮ್ಮ. ನಾನೇ ಕೊಟ್ಟಿದ್ದು, ನಾನೇ ಕೊಂದ್‌ಬಿಟ್ಟೆ ಅವ್ರನ್ನ. ಬಸ್ಸಿಗೆ ನಿಂತಿದ್ವಿ. ಅಂಗೇ ಕಣ್ಣು ಮ್ಯಾಲಕ್ಕೆ ಓಯ್ತು, ಬಿದ್ದೋದ್ರು. ಯಾರೋ 'ಕಬ್ಬಿಣ ಕೊಡಮ್ಮ, ಕಬ್ಬಿಣ ಕೊಡಮ್ಮ' ಅಂದ್ರು. ನನ್ತಾವ ಬೀಗದ್ಕೈ ಇರ್ಲಿಲ್ಲ. ಅವ್ರ ಸೊಂಟದಾಗೆ ಕೊಕ್ಕೆ ಇತ್ತು, ಕಿತ್ತು ಕೈಗಿಟ್ಟು ಮುಷ್ಟಿ ಮುಚ್ಚಿದೆ. ಯಾವ ಕಡೆ ಇಟ್ನೋ ನೋಡ್ಲಿಲ್ಲಮ್ಮ. ಅದುರೋದು ಕಮ್ಮಿ ಆಯ್ತು. ನೀರು ತರಾನ ಅಂತ ಓಟ್ಲತ್ರ ಓಡ್ದೆ. ಅಷ್ಟ್ರಾಗೆ ಎದ್ದು ಕೊಕ್ಕೆ ಇಡ್ಕೊಂಡೇ ಮಬ್ಬಿನಾಗೆ ತೂರಾಡಿದ್ರಂತೆ, ಕಂಡೋರು ಎದ್ರಿ ಪೊಲೀಸ್ನೋರ್ನ ಕೂಗಿದ್ರಂತೆ. ಬರೋದ್ರೊಳಗೆ ಪೊಲೀಸ್ನೋರು ಮ್ಯಾಲೆ ಕೂತಿದ್ರು."

"ನಿನ್ನೆ ಯಾಕೆ ಹೇಳಲಿಲ್ಲ?"

"ಎಂಗೆ ಏಳ್ಲಿ? ಫಿಟ್ಸು ಅಂದ್ರೆ ಕಬ್ಬಿಣ ಕೊಟ್ಟೋರು ಯಾರು ಅಂತ ಕೇಳ್ತಾರೆ. ಆಯುಧ ಕೊಟ್ಟೋಳು ನಾನೇ ಅಂತ ನನ್ನೂ ಇಡ್ಕೊಂಡು ಓದ್ರೆ ಮಕ್ಕಳ್ನ ಯಾರು ನೋಡ್ತಾರೆ?" ಸ್ವಲ್ಪ ಸುಧಾರಿಸಿಕೊಂಡು ಕೇಳಿದಳು, "ನಾನು ಕೊಡ್ದೆ ಇದ್ದಿದ್ರೆ ಬದುಕ್ತಿದ್ರಾ ಡಾಕ್ಟ್ರಮ್ಮ?"

ಕಬ್ಬಿಣ ಕೊಡಬೇಡಿ ಎಂದು ಎಲ್ಲರಿಗೂ ಬೈಯುವವಳು ಆವತ್ತು ಬೈಯಲಿಲ್ಲ. ಕೈ ಖಾಲಿಯಿದ್ದಿದ್ದರೆ ಯಾರೂ ಗನ್ನು ಎತ್ತುತ್ತಿರಲಿಲ್ಲವೋ ಏನೋ. ಇಲ್ಲವೆಂದು ಹೇಳಿದರೆ ಸುಳ್ಳು, ಹೌದೆಂದರೆ ಅದು ಅವಳನ್ನು ಬದುಕಿರುವವರೆಗೂ ತಿನ್ನುತ್ತದೆ. "ನೀವು ಕೊಂದಿಲ್ಲಮ್ಮ," ಎಂದಷ್ಟೇ ಹೇಳಿ ಅವಳ ಕೈ ಹಿಡಿದುಕೊಂಡೆ. ಅವಳಿಗೆ ಅದು ಸಾಲಲಿಲ್ಲ, ನನಗೆ ಕಾಣುತ್ತಿತ್ತು.

ಆವತ್ತೇ ಶವ ಕೊಟ್ಟೆವು. ಆದರೆ ಅಭಿಪ್ರಾಯ ಬರೆಯುವುದು ಬಾಕಿ ಇತ್ತು. ರಕ್ತ, ಹೊಟ್ಟೆಯ ಅಂಶ, ಹೃದಯದ ತುಣುಕು ಪ್ರಯೋಗಾಲಯಕ್ಕೆ ಹೋಗಿದ್ದವು. ವರದಿ ಬರುವವರೆಗೆ ನಾನು ಓದಲು ಕೂತೆ. ಈ ಗನ್ನು ಕೆಲವು ದೇಶಗಳಲ್ಲಿ ದಶಕಗಳಿಂದ ಪೊಲೀಸರ ಸೊಂಟದಲ್ಲಿದೆ. ಇದು ತಗುಲಿದ ಬಹುಪಾಲು ಜನ ಎದ್ದು ನಡೆದು ಹೋಗುತ್ತಾರೆ, ಅದು ಸತ್ಯ. ಸತ್ತವರ ಕತೆಗಳನ್ನು ಒಂದರ ಪಕ್ಕ ಒಂದು ಇಟ್ಟು ಓದಿದರೆ ಮಾತ್ರ ಒಂದೇ ಮುಖ ಮತ್ತೆ ಮತ್ತೆ ಎದುರಾಗುತ್ತದೆ. ಬಂದೂಕು ಹಿಡಿದ ಕಳ್ಳನ ಮುಖವಲ್ಲ ಅದು. ಬುದ್ಧಿ ಸ್ಥಿಮಿತದಲ್ಲಿಲ್ಲದವನು, ಅಮಲಿನಲ್ಲಿ ಬಡಬಡಿಸುವವನು, ಮೂರ್ಛೆಯಿಂದ ಈಗಷ್ಟೇ ಎದ್ದವನು, ಅಂದರೆ 'ಕೆಳಗೆ ಹಾಕು' ಎಂಬ ಮಾತು ಕಿವಿಗೆ ಬಿದ್ದರೂ ತಲೆಗೆ ಇಳಿಯದವನು. ಮಾತು ಕೇಳಲಿಲ್ಲವೆಂದು ಒಂದು ಸಲ, ಮತ್ತೆ ಕೇಳಲಿಲ್ಲವೆಂದು ಇನ್ನೊಂದು ಸಲ. ಆಮೇಲೆ ಮುಖ ಕೆಳಗೆ ಮಾಡಿ ಬೆನ್ನ ಮೇಲೆ ಮಂಡಿ.

ಎಷ್ಟು ಜನ ಸತ್ತರು ಎಂಬುದರಲ್ಲೂ ಒಂದು ಲೆಕ್ಕವಿಲ್ಲ. ಪತ್ರಿಕೆಗಳನ್ನೂ ಕೋರ್ಟಿನ ಕಡತಗಳನ್ನೂ ನೋಡಿ ಎಣಿಸಿದವರದು ಒಂದು ಲೆಕ್ಕ, ಮರಣೋತ್ತರ ವರದಿಗಳನ್ನು ನಂಬಿದವರದು ಇನ್ನೊಂದು. ಎರಡರ ನಡುವೆ ದೊಡ್ಡ ಅಂತರ. ಆ ಅಂತರ ಹುಟ್ಟುವುದು ನನ್ನಂಥವರ ಮೇಜಿನ ಮೇಲೇ. ಒಂದು ಕಾಲಕ್ಕೆ ಅಲ್ಲಿನ ವೈದ್ಯರು ಇಂಥ ಸಾವಿಗೆ 'ಉದ್ರೇಕದ ಉನ್ಮಾದ' ಎಂದು ಹೆಸರಿಟ್ಟು ಕೈತೊಳೆದುಕೊಳ್ಳುತ್ತಿದ್ದರು; ಸತ್ತವನು ತನ್ನ ಹುಚ್ಚಿನಿಂದ ತಾನೇ ಸತ್ತ ಎಂಬ ಹಾಗೆ. ಈಚೆಗೆ ಅಲ್ಲಿನ ವೈದ್ಯ ಸಂಘಗಳೇ ಆ ಹೆಸರನ್ನು ಕೈಬಿಟ್ಟಿವೆ. ನಾವು ಇಲ್ಲಿ ಗನ್ನನ್ನು ಇನ್ನೂ ಸರಿಯಾಗಿ ಬಿಚ್ಚಿ ನೋಡಿಲ್ಲ, ಆಗಲೇ ಅವರು ಬಿಸಾಡಿದ ಅಂಗಿ ಹಾಕಿಕೊಳ್ಳಲು ಹೊರಟಿದ್ದೆವು.

ರಕ್ತದ ವರದಿ ಬಂತು. ಮದ್ಯ ಇರಲಿಲ್ಲ. ಮೂರ್ಛೆಯ ಮಾತ್ರೆಯ ಅಂಶವಿತ್ತು, ಸಾಕಾಗುವಷ್ಟಿರಲಿಲ್ಲ. ಮಾತ್ರೆ ತಪ್ಪಿಸಿದ್ದ, ಅದಕ್ಕೇ ಬಿದ್ದ. ಹೃದಯದ ತುಣುಕಿನಲ್ಲಿ ನಿರೀಕ್ಷಿಸಿದ ಹಾಗೆ ಏನೂ ಇರಲಿಲ್ಲ. ಗನ್ನಿನ ಒಳಗೇ ಉಳಿಯುವ ದಾಖಲೆಯೂ ಬಂತು. ಟ್ರಿಗರ್ ಹಲವು ಸಲ ಒತ್ತಿದ್ದು ಅದರಲ್ಲಿತ್ತು, ಪೊಲೀಸರೂ ಅದನ್ನು ಮುಚ್ಚಿಟ್ಟಿರಲಿಲ್ಲ.

ಬರೆಯುವುದು ಸುಲಭವಾಗಲಿಲ್ಲ. ಗನ್ನೇ ಕೊಂದಿತು ಎಂದು ಬರೆಯಲು ನನಗೆ ಸಾಕ್ಷ್ಯ ಸಾಲದು. ಗನ್ನಿಗೂ ಸಾವಿಗೂ ಸಂಬಂಧವಿಲ್ಲ ಎಂದು ಬರೆಯಲು ಮನಸ್ಸು ಒಪ್ಪದು. ಹರಿದು, ಬರೆದು, ಮತ್ತೆ ಹರಿದು, ಕೊನೆಗೆ ಹೀಗೆ ನಿಲ್ಲಿಸಿದೆ: ಮೂರ್ಛೆಯಿಂದ ಎದ್ದು ಮಬ್ಬಿನಲ್ಲಿದ್ದ ವ್ಯಕ್ತಿಗೆ ಎದೆಯ ಮೂಲಕ ಹಲವು ಸಲ ವಿದ್ಯುತ್ ಹರಿಸಿ, ಮುಖ ಕೆಳಗಾಗಿ ಒತ್ತಿಹಿಡಿದಾಗ ಹೃದಯ ನಿಂತು ಆದ ಸಾವು; ಮೂರ್ಛೆಯೊಂದೇ ಕಾರಣವೆನ್ನಲಾಗದು; ಅಂಗೈಯ ಗಾಯಗಳು ಹಲ್ಲೆಗೆ ಆಯುಧ ಹಿಡಿದ ಕೈಯವಲ್ಲ. ಹಿರಿಯರ ಮುಂದಿಟ್ಟೆ. ಸಹಿ ಮಾಡದಿದ್ದರೆ ನಾನೊಬ್ಬಳೇ ಬೇರೆಯಾಗಿ ಬರೆದು ಕಳಿಸುತ್ತೇನೆಂದೂ ಹೇಳಿದೆ.

"ಕಂಡದ್ದು ಕಂಡ ಹಾಗೆ ಹೇಳಿದರೆ ಕೆಂಡದಂಥ ಕೋಪ ಅಂತಾರೆ. ತಡ್ಕೋತೀಯಾ?" ಎಂದರು. ನಾನು ಪೆನ್ನು ಮುಂದಿಟ್ಟೆ. ಅವರು ಎರಡು ಸಲ ಓದಿ, "ಅಂಗೈಗೆ ಕೊಕ್ಕೆ ಇಟ್ಟಾಗ ನಾನೂ ಅಲ್ಲೇ ಇದ್ದೆನಲ್ಲ," ಎಂದು ಸಹಿ ಹಾಕಿದರು. ನನಗೆ ಅವರ ಕಾಲಿಗೆ ಬೀಳಬೇಕೆನಿಸಿತು. ಬೀಳಲಿಲ್ಲ, ಕಾಫಿ ತರಿಸಿಕೊಟ್ಟೆ.

ಮ್ಯಾಜಿಸ್ಟ್ರೇಟರ ವಿಚಾರಣೆಗೆ ಬಂಗಾರಪೇಟೆಗೆ ಹೋದೆ. ಸತ್ತವನ ಮೇಲೆ ಹಾಕಿದ್ದ ಹಲ್ಲೆಯ ಕೇಸನ್ನು ಮುಂದೆ ಕೈಬಿಟ್ಟರು, ಆ ಗನ್ನನ್ನೂ ಸದ್ಯಕ್ಕೆ ಎತ್ತಿಟ್ಟಿದ್ದಾರೆ. ಆದರೆ ನಾನು ಹೇಳ ಹೊರಟದ್ದು ಆ ದಿನದ ಮಾತು. ಸಣ್ಣ ಕೋಣೆ. ಒಂದು ಬೆಂಚಿನಲ್ಲಿ ಆ ಹೆಂಗಸು, ಅವಳ ಗಂಡನ ಅಣ್ಣ. ಎದುರಿನ ಬೆಂಚಿನಲ್ಲಿ ಟ್ರಿಗರ್ ಒತ್ತಿದ್ದ ಕಾನ್‌ಸ್ಟೇಬಲ್, ಪಕ್ಕದಲ್ಲಿ ಅವನ ವಕೀಲರು. ಕಾನ್‌ಸ್ಟೇಬಲ್‌ನನ್ನು ನಾನು ನೋಡಿದ್ದು ಆಗಲೇ. ರಾಕ್ಷಸನನ್ನು ಕಲ್ಪಿಸಿಕೊಂಡಿದ್ದೆ. ಅಲ್ಲಿ ಕೂತಿದ್ದವನು ಕೊರಳಪಟ್ಟಿ ದೊಡ್ಡದಾಗಿ ಕಾಣುವಷ್ಟು ಸೊರಗಿದ ಹುಡುಗ.

"ಅಷ್ಟು ಸಲ ಹೇಳಿದರೂ ಆತ ಕೊಕ್ಕೆ ಕೆಳಗೆ ಹಾಕಲಿಲ್ಲವಲ್ಲ, ಯಾಕೆ?" ಎಂದು ಮ್ಯಾಜಿಸ್ಟ್ರೇಟರು ನನ್ನನ್ನು ಕೇಳಿದರು.

ನನ್ನ ಮುಂಗೈಯನ್ನೇ ಮುಂದೆ ಚಾಚಿ ತೋರಿಸಿದೆ. ಮುಳ್ಳು ಇಲ್ಲಿ ಚುಚ್ಚಿತ್ತು. ಬೆರಳು ಮಡಿಸುವ ಸ್ನಾಯು ಇದು. ವಿದ್ಯುತ್ತು ಹರಿಯುವಷ್ಟು ಹೊತ್ತೂ ಈ ಮುಷ್ಟಿ ಬಿಚ್ಚಲಾಗದು, ಬಿಚ್ಚಬೇಕೆಂದರೂ ಆಗದು. ಮೊದಲು ಮಬ್ಬಿನಲ್ಲಿ ಮಾತು ತಿಳಿಯಲಿಲ್ಲ, ಆಮೇಲೆ ತಿಳಿದಿದ್ದರೂ ಕೈ ಅವನದಾಗಿರಲಿಲ್ಲ. ಕಾನ್‌ಸ್ಟೇಬಲ್ ತನ್ನ ಬಲಗೈಯನ್ನು ನೋಡಿಕೊಂಡು ತೊಡೆಯ ಕೆಳಗೆ ಇಟ್ಟುಕೊಂಡ.

ಆಮೇಲೆ ಹೆಂಗಸಿನ ಸರದಿ. ಕೊಕ್ಕೆ ಕೊಟ್ಟದ್ದು ಯಾರೆಂದು ಕೇಳಿದರು. ಎದ್ದು ನಿಂತಳು. ನೆಟ್ಟಗೆ ಹೇಳಿದಳು. "ನಾನೇ ಸ್ವಾಮಿ. ಫಿಟ್ಸು ಬಂದೋರಿಗೆ ಕಬ್ಬಿಣ ಕೊಡ್ತೀವಲ್ಲ, ಅಂಗೆ ಕೊಟ್ಟೆ. ತಪ್ಪಾಗಿದ್ರೆ ನನಗೆ ಶಿಕ್ಷೆ ಕೊಡಿ. ಅವ್ರು ಯಾರ ಮ್ಯಾಲೂ ಕೈ ಎತ್ತೋ ಆಳಲ್ಲ."

ಅಷ್ಟು ಹೇಳಿ ಕೂರಬಹುದಿತ್ತು, ಕೂರಲಿಲ್ಲ. ಎದುರು ಬೆಂಚಿನ ಕಡೆ ತಿರುಗಿದಳು. ಅವಳ ದನಿಯಲ್ಲಿ ಜಗಳವಿರಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕಾಗಿತ್ತು.

"ನೀನು ಯಾವೂರೋನಪ್ಪ?"

"ಬೇತಮಂಗಲದತ್ರ ಅಕ್ಕಾ."

"ನಿಮ್ಮೂರಾಗೆ ಕಬ್ಬಿಣ ಕೊಡಲ್ವಾ?"

ವಕೀಲರು ಅವನ ತೋಳು ಹಿಡಿದು, ಉತ್ತರ ಕೊಡಬೇಕಾಗಿಲ್ಲ ಎಂದು ಪಿಸುಗುಟ್ಟಿದರು. ಅವನು ತೋಳು ಬಿಡಿಸಿಕೊಂಡು ಎದ್ದು ನಿಂತ.

"ಕೊಡ್ತೀವಕ್ಕಾ," ಎಂದ. "ನನ್ ತಮ್ಮನಿಗೆ ಫಿಟ್ಸು ಬಂದಾಗೆಲ್ಲ ನಾನೇ ಕೊಟ್ಟಿವ್ನಿ."

ಬರೆದುಕೊಳ್ಳುತ್ತಿದ್ದ ಗುಮಾಸ್ತರು ಕೈ ನಿಲ್ಲಿಸಿ ಮ್ಯಾಜಿಸ್ಟ್ರೇಟರ ಮುಖ ನೋಡಿದರು. ಬರೆಯಿರಿ ಎಂದು ಅವರು ತಲೆಯಾಡಿಸಿದರು. ಹೆಂಗಸು ಕೂತುಕೊಂಡಳು.